ಹಳೆಯ ಕೋವಿಗೆ ಉಕ್ಕಿನ ಚರೆ ಹಾಕಬಹುದೇ?

ಬಾತುಕೋಳಿಗೆ ಹಲ್ಲಿಲ್ಲ. ತಿಂದ ಕಾಳನ್ನು ಅರೆಯುವ ಕೆಲಸವನ್ನು ಅದರ ಹೊಟ್ಟೆಯೊಳಗಿನ ದಪ್ಪ ಮಾಂಸದ ಚೀಲವೇ ಮಾಡಬೇಕು. ಮನೆಯಲ್ಲಿ ಕೋಳಿ ಕೊಯ್ದು ಅಭ್ಯಾಸವಿದ್ದವರು ಈ ಚೀಲವನ್ನು ಸೀಳಿ ನೋಡಿರುತ್ತಾರೆ. ಒಳಗೆ ಸಣ್ಣ ಕಲ್ಲು, ಮರಳು ಇರುತ್ತದೆ. ಹಕ್ಕಿ ಅದನ್ನು ಬೇಕೆಂದೇ ನುಂಗುತ್ತದೆ, ಅದೇ ಅದರ ಒರಳುಕಲ್ಲು. ಕೆಸರಿನಲ್ಲಿ ಕಲ್ಲು ಹುಡುಕುವ ಹಕ್ಕಿಗೆ, ಬೇಟೆಗಾರನ ಕೋವಿಯಿಂದ ಉದುರಿ ತಳ ಸೇರಿದ ಮೂರು ಮಿಲಿಮೀಟರಿನ ಸೀಸದ ಚರೆಯೂ ಇನ್ನೊಂದು ಕಲ್ಲು, ಅಷ್ಟೇ. ನುಂಗಿದ ಚರೆ ಕಲ್ಲಿನ ಜತೆ ಉಜ್ಜಿ ಸವೆಯುತ್ತದೆ, ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ, ಸೀಸ ರಕ್ತಕ್ಕೆ ಇಳಿಯುತ್ತದೆ. ರೆಕ್ಕೆ ಜೋತುಬಿದ್ದು, ಮೇವು ಮುಂದಕ್ಕೆ ಹೋಗದೆ, ಹಕ್ಕಿ ಕೆಲವು ವಾರಗಳಲ್ಲಿ ಬಡಕಲಾಗಿ ಸಾಯುತ್ತದೆ.

ಇದು ಹೊಸದಾಗಿ ಗೊತ್ತಾದ ಸಂಗತಿಯಲ್ಲ. ಅಮೆರಿಕದ ನಿಸರ್ಗಪ್ರೇಮಿ ಬರಹಗಾರ ಜಾರ್ಜ್ ಬರ್ಡ್ ಗ್ರಿನೆಲ್ 1894ರಲ್ಲೇ ಈ ಬಗ್ಗೆ ಬರೆದಿದ್ದರು. ಉತ್ತರ ಅಮೆರಿಕದ ಜಲಪಕ್ಷಿಗಳಲ್ಲಿ ನೂರಕ್ಕೆ ಎರಡು ಮೂರು ಪ್ರತಿವರ್ಷ ನುಂಗಿದ ಸೀಸದಿಂದ ಸಾಯುತ್ತಿವೆ ಎಂದು ಜಲಪಕ್ಷಿತಜ್ಞ ಫ್ರಾಂಕ್ ಬೆಲ್‌ರೋಸ್ 1959ರಲ್ಲಿ ಅಂದಾಜು ಮಾಡಿದರು. ಸೀಸ ತಿಂದು ಸೋತ ಬಾತುಗಳನ್ನು ಹಿಡಿದು ತಿಂದ ಬೋಳುತಲೆ ಹದ್ದುಗಳೂ ಸತ್ತವು. ಆ ಹದ್ದು ಅಮೆರಿಕದ ರಾಷ್ಟ್ರಲಾಂಛನ, ಹಾಗಾಗಿ ಜನ ಕಿವಿಗೊಟ್ಟರು. 1991ರ ಹೊತ್ತಿಗೆ ಜಲಪಕ್ಷಿಗಳ ಬೇಟೆಗೆ ಸೀಸ ಅಲ್ಲಿ ದೇಶದುದ್ದಕ್ಕೂ ನಿಷಿದ್ಧವಾಯಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನೇ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ 1999ರಲ್ಲಿ ಜಲಪಕ್ಷಿಗಳ ಮಟ್ಟಿಗೆ ನಿಷೇಧ ಬಂತು. ಯುರೋಪಿಯನ್ ಒಕ್ಕೂಟದ ಜೌಗು ಪ್ರದೇಶಗಳಿಗೆ 2023ರ ಫೆಬ್ರವರಿಯಲ್ಲಿ ಬಂತು. ಇದು ಆಗಲೇಬೇಕಿದ್ದ ಕೆಲಸ, ತಡವಾಗಿ ಆಯಿತು ಎಂದೇ ನನ್ನ ಭಾವನೆ.

ಸೀಸದ ಜಾಗಕ್ಕೆ ಬಂದದ್ದು ಉಕ್ಕು. ಹೆಸರಿಗೆ ಉಕ್ಕು, ನಿಜದಲ್ಲಿ ಕಾಯಿಸಿ ಹದಮಾಡಿ ಮೆದುಗೊಳಿಸಿದ ಕಬ್ಬಿಣ. ಅಗ್ಗ, ಹಕ್ಕಿಗೆ ವಿಷವಲ್ಲ. ಆದರೆ ಅಜ್ಜನ ಕಾಲದ ಕೋವಿ ಕೈಯಲ್ಲಿರುವ ಬ್ರಿಟನ್ನಿನ, ಅಮೆರಿಕದ ಬೇಟೆಗಾರನ ಎದುರು ಒಂದು ಪ್ರಶ್ನೆ ನಿಂತಿತು: ಇದನ್ನು ಈ ನಳಿಗೆಯಲ್ಲಿ ಹಾರಿಸಬಹುದೇ?

ಉತ್ತರ ಸಿಗಬೇಕಾದರೆ ಮೊದಲು ಒಂದು ಸೀಸದ ಚರೆಯನ್ನು ಇಕ್ಕಳದಲ್ಲಿ ಹಿಡಿದು ಒತ್ತಿ ನೋಡಬೇಕು. ಹೆಚ್ಚು ಬಲ ಬೇಡ, ಅವಲಕ್ಕಿಯ ಹಾಗೆ ಚಪ್ಪಟೆಯಾಗುತ್ತದೆ. ಉಕ್ಕಿನ ಚರೆಯನ್ನು ಹಾಗೆಯೇ ಒತ್ತಿದರೆ ಅದು ಜಗ್ಗುವುದಿಲ್ಲ, ಇಕ್ಕಳದ ಬಾಯಿಂದ ಚಿಮ್ಮಿ ಎಲ್ಲಿಗೋ ಹೋಗುತ್ತದೆ (ಕಣ್ಣು ಜೋಪಾನ). ನೂರಾರು ವರ್ಷ ಕೋವಿ ಮಾಡಿದವರು ನಳಿಗೆ ಕೊರೆದದ್ದು ಆ ಮೊದಲನೆಯ ಲೋಹವನ್ನು ನಂಬಿ. ಎಲ್ಲಾದರೂ ಇಕ್ಕಟ್ಟಾದರೆ ಸೀಸವೇ ಬಾಗಿಕೊಂಡು, ಒತ್ತಿಸಿಕೊಂಡು ಹೋಗುತ್ತಿತ್ತು. ನಳಿಗೆಯ ಮೇಲೆ ಬೀಳಬೇಕಾದ ಪೆಟ್ಟನ್ನು ಚರೆ ತಾನೇ ತಿನ್ನುತ್ತಿತ್ತು.

ಆ ಇಕ್ಕಟ್ಟು ಇರುವ ಜಾಗಕ್ಕೆ ಚೋಕ್ ಎನ್ನುತ್ತಾರೆ. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರು. ಬಾಯಿಯ ಹತ್ತಿರದ ಕೊನೆಯ ಕೆಲವು ಸೆಂಟಿಮೀಟರಿನಲ್ಲಿ ಅದನ್ನು ಸ್ವಲ್ಪ ಕಿರಿದು ಮಾಡಿರುತ್ತಾರೆ, ಚರೆ ಬೇಗ ಚದುರದೆ ಗುಂಪಾಗಿ ಹೋಗಲಿ ಎಂದು. ಪೂರ್ತಿ ಚೋಕ್ ಎಂದರೆ ಕಿರಿದಾದದ್ದು ಸುಮಾರು ಒಂದು ಮಿಲಿಮೀಟರು, ಅರೆ ಚೋಕ್ ಎಂದರೆ ಅದರ ಅರ್ಧ. ಒಂದು ಮಿಲಿಮೀಟರು ಏನು ಮಹಾ ಎನ್ನಿಸಬಹುದು. ಆದರೆ ನೂರಾರು ಗಟ್ಟಿ ಗೋಲಿಗಳು ಸೆಕೆಂಡಿಗೆ 400 ಮೀಟರು ವೇಗದಲ್ಲಿ ಆ ಕುತ್ತಿಗೆಗೆ ನುಗ್ಗುತ್ತವೆ. ಸೀಸವಾದರೆ ಹಿಸುಕಿಕೊಂಡು ಹಾದುಹೋಗುತ್ತದೆ. ಉಕ್ಕಿನ ಚರೆಗಳು ಒಂದಕ್ಕೊಂದು ಆತುಕೊಂಡು ಕ್ಷಣಕಾಲ ಕಮಾನು ಕಟ್ಟುತ್ತವೆ. ಚರೆ ಬಾಗದಿದ್ದ ಮೇಲೆ ನಳಿಗೆ ಬಾಗಬೇಕು. ಹೊರಗಡೆ ಬಳೆ ತೊಡಿಸಿದಂತೆ ಒಂದು ಉಬ್ಬು ಏಳುತ್ತದೆ. ಜೋಡುನಳಿಗೆಯಾದರೆ ನಡುವಿನ ಪಟ್ಟಿಯ ಬೆಸುಗೆಯೂ ಬಿಡಬಹುದು. ದೊಡ್ಡ ಚರೆ, ಬಿಗಿ ಚೋಕ್, ತೆಳು ನಳಿಗೆ ಮೂರೂ ಸೇರಿದರೆ ಅಪಾಯ ಹೆಚ್ಚು.

ಕೋವಿ ಸಿಡಿದು ಮುಖಕ್ಕೆ ಬರುತ್ತದೆ ಎಂಬ ಭಯ ಇಲ್ಲಿ ಮುಖ್ಯವಲ್ಲ. ಈ ಉಬ್ಬಿನಿಂದ ಹೆಚ್ಚಾಗಿ ಕೆಡುವುದು ಕೋವಿ, ಮನುಷ್ಯನಲ್ಲ. ಮನುಷ್ಯನ ಜೀವಕ್ಕೆ ಕುತ್ತು ತರುವುದು ನಳಿಗೆಯಲ್ಲಿ ಸಿಕ್ಕಿಕೊಂಡ ಕಸ, ಕೆಸರು, ಮತ್ತು ಅಳತೆ ತಪ್ಪಿದ ತೋಟಾ. ಅಳತೆ ತಪ್ಪುವುದು ಉಕ್ಕಿನ ತೋಟಾ ಕೊಳ್ಳುವಾಗ ಸುಲಭವಾಗಿ ಆಗಿಬಿಡುವ ತಪ್ಪು, ಹಾಗಾಗಿ ಅದನ್ನೇ ಮೊದಲು ನೋಡೋಣ.

ಕೋವಿಯನ್ನು ಮಡಚಿ ತೆರೆದು, ತೋಟಾ ಇಲ್ಲವೆಂದು ಎರಡು ಸಲ ನೋಡಿ, ನಳಿಗೆಯನ್ನು ಬೇರ್ಪಡಿಸಿ ಮಗುಚಿ ಹಿಡಿಯಿರಿ. ಬುಡದಲ್ಲಿ ಚಪ್ಪಟೆಯಾಗಿರುವ ಜಾಗದಲ್ಲಿ ಪುಟ್ಟ ಪುಟ್ಟ ಮುದ್ರೆಗಳ ಸಾಲು ಕಾಣುತ್ತದೆ. ಎಣ್ಣೆ ಮತ್ತು ಕಿಲುಬು ಒರೆಸಿ, ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬಿಟ್ಟರೆ ಓದಬಹುದು. ಇದು ಆ ನಳಿಗೆಯ ಜಾತಕ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ಸನ್ನದು ಸಿಕ್ಕಿತು, ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರ ಕಾಯ್ದೆಯಿಂದ ಹುಟ್ಟಿತು. ಅಲ್ಲಿ ಪ್ರತಿ ನಳಿಗೆಯಲ್ಲೂ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ಉಳಿದದ್ದಕ್ಕೆ ಮುದ್ರೆ ಒತ್ತುತ್ತಾರೆ. ಬೆಲ್ಜಿಯಮ್ಮಿನ ಲಿಯೇಜ್, ಸ್ಪೇನಿನ ಐಬಾರ್, ಇಟಲಿಯ ಗಾರ್ಡೋನೆ ಊರುಗಳಲ್ಲೂ ಇದೇ ಪದ್ಧತಿ ಇದೆ.

ಆ ಮುದ್ರೆಗಳಲ್ಲಿ ತೋಟಾ ಕೂರುವ ಕೋಣೆಯ ಉದ್ದವೂ ಇರುತ್ತದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು ಹೆಚ್ಚಾಗಿ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರು. ಈಗಿನ ತೋಟಾಗಳಲ್ಲಿ 70ರವು ಬಹಳ. 70ರ ತೋಟಾ 65ರ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ! ಕಾರಣ ಇಷ್ಟೇ: ತೋಟಾದ ಮೇಲೆ ಬರೆದಿರುವುದು ಹಾರಿಸಿದ ಮೇಲಿನ ಉದ್ದ. ಹಾರಿಸುವ ಮೊದಲು ಅದರ ಬಾಯಿ ನಕ್ಷತ್ರದಂತೆ ಮಡಚಿ ಗಿಡ್ಡವಾಗಿರುತ್ತದೆ. ಹಾರಿದಾಗ ಮಡಿಕೆ ಬಿಚ್ಚಿಕೊಂಡು ಮುಂದೆ ಚಾಚುತ್ತದೆ, ಕೋಣೆ ಮುಗಿದು ನಳಿಗೆ ಕಿರಿದಾಗುವ ಜಾಗವನ್ನು ಅಡ್ಡಗಟ್ಟುತ್ತದೆ, ಒತ್ತಡ ಏರುತ್ತದೆ. "ಒಳಗೆ ಹೋಯಿತಲ್ಲ, ಹಾಗಾದರೆ ಸರಿ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈ ಮಾತು ನಮ್ಮ ಕೊಡಗಿಗೂ ಹೊಂದುತ್ತದೆ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುವ ಕೋವಿಗಳ ನಡುವೆ ತಲೆಮಾರು ದಾಟಿ ಬಂದ ವಿಲಾಯತಿ ಜೋಡುನಳಿಗೆಗಳೂ ಇವೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತಿಲ್ಲ, ಹಾಗಾಗಿ ಉಕ್ಕಿನ ಚರೆಯ ಪ್ರಶ್ನೆಯೂ ಅಲ್ಲಿ ಅಷ್ಟಾಗಿ ಏಳುವುದಿಲ್ಲ. ಆದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಅಜ್ಜನ ಕೋವಿ ಇಳಿಸುವವರು ಬುಡ ಮಗುಚಿ ಈ ಒಂದು ಸಂಖ್ಯೆ ಓದಿಕೊಂಡರೆ ಒಳ್ಳೆಯದು.

ಕೋಣೆಯ ಉದ್ದ ಸರಿಯಿದ್ದರೆ ಮುಂದಿನದು ಒತ್ತಡ. ಯುರೋಪಿನ ನಿಯಮದಲ್ಲಿ ಉಕ್ಕಿನ ತೋಟಾ ಎರಡು ಬಗೆ. ಸಾಮಾನ್ಯ ಉಕ್ಕಿನದು, 12 ಬೋರಿನಲ್ಲಿ 740 ಬಾರ್ ಒತ್ತಡ ಮೀರದು, ಚರೆ 3.25 ಮಿಲಿಮೀಟರಿಗಿಂತ ದಪ್ಪವಿರದು. ಇನ್ನೊಂದು ಹೈ ಪರ್ಫಾರ್ಮೆನ್ಸ್, ಅದರ ಮಿತಿ 1050 ಬಾರ್. ಎರಡನೆಯದನ್ನು ಹಾರಿಸಬೇಕಾದರೆ ನಳಿಗೆ 1320 ಬಾರ್‌ನಲ್ಲಿ ಉಕ್ಕಿನ ಚರೆಯಿಂದಲೇ ಪರೀಕ್ಷೆಗೊಂಡಿರಬೇಕು. ಅದರ ಗುರುತು ಮೂರು ಎಸಳಿನ ಲಿಲ್ಲಿ ಹೂವು. ಹೂವು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ನಡುವೆ ವಾದಕ್ಕೆ ಜಾಗವಿಲ್ಲ. ಸಾಮಾನ್ಯ ಉಕ್ಕಿಗೆ ಹೂವು ಬೇಡ. ಆದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಗುರುತು ಬೇಕು. ಬ್ರಿಟಿಷ್ ಕೋವಿಯಾದರೆ ಕಿರೀಟದ ಕೆಳಗೆ ಎನ್‌ಪಿ ಅಥವಾ ಬಿಎನ್‌ಪಿ ಅಕ್ಷರಗಳನ್ನು ಹುಡುಕಬೇಕು. ಕಬ್ಬಿಣ ಉಕ್ಕುಗಳ ಪಟ್ಟಿ ಹೆಣೆದು ಬಡಿದು ಮಾಡಿದ, ಮೈಮೇಲೆ ಸುರುಳಿ ಚಿತ್ತಾರವಿರುವ ಡಮಾಸ್ಕಸ್ ನಳಿಗೆ ಎಷ್ಟೇ ಸುಂದರವಾಗಿರಲಿ, ಅದಕ್ಕೆ ಉಕ್ಕು ಬೇಡ.

ಅಮೆರಿಕದಲ್ಲಿ ಇಂಥ ಸರಕಾರಿ ಮುದ್ರೆಯ ಪದ್ಧತಿಯೇ ಇಲ್ಲ. ಅಲ್ಲಿ ತಯಾರಕರ ಮಾತೇ ಆಧಾರ. ಬ್ರೌನಿಂಗ್ ಕಂಪನಿ ಬೆಲ್ಜಿಯಮ್ಮಿನಲ್ಲಿ ಮಾಡಿಸಿದ ತನ್ನ ಹಳೆಯ ಆಟೋ-5 ನಳಿಗೆಗಳಿಗೆ ಉಕ್ಕಿನ ಚರೆ ಹಾಕಬೇಡಿ ಎಂದು ತಾನೇ ಹೇಳಿದೆ. ಬೇರೆ ಹಳೆಯ ಕೋವಿಗಳಿಗೂ ಮಾದರಿ, ಸರಣಿ ಸಂಖ್ಯೆ ಹೇಳಿ ತಯಾರಕರನ್ನು ಕೇಳುವುದೇ ನೇರ ದಾರಿ.

ಚೋಕ್ ಎಷ್ಟಿದೆ ಎಂದು ತಿಳಿಯುವುದರಲ್ಲಿ ಒಂದು ಮೋಸವಿದೆ. ಕೆಲವರು ನಳಿಗೆಯ ಮೇಲೆ ನಕ್ಷತ್ರ ಕೊರೆದಿರುತ್ತಾರೆ, ನಕ್ಷತ್ರ ಕಡಿಮೆಯಾದಷ್ಟೂ ಬಿಗಿ ಹೆಚ್ಚು. ಆದರೆ ಬ್ರೌನಿಂಗ್‌ನಲ್ಲಿ ಎರಡು ನಕ್ಷತ್ರ ಎಂದರೆ ಅರೆ ಚೋಕ್, ಬೆರೆಟ್ಟಾದಲ್ಲಿ ಎರಡು ನಕ್ಷತ್ರ ಎಂದರೆ ಮುಕ್ಕಾಲು! ಹಳೆಯ ಕೋವಿಯನ್ನು ಯಾರೋ ಎಂದೋ ಉಜ್ಜಿ ಚೋಕ್ ಬದಲಿಸಿರಲೂಬಹುದು. ಗುರುತನ್ನು ನಂಬಿ ಕೂರುವುದಕ್ಕಿಂತ ಕೋವಿ ರಿಪೇರಿಯವರ ಬಳಿ ಒಯ್ದು ಒಳಅಳತೆ ತೆಗೆಸುವುದು ಮೇಲು. ಹಾಗೆಯೇ ನಳಿಗೆಯ ಗೋಡೆಯ ದಪ್ಪವನ್ನೂ ಅಳೆಸಬೇಕು. ಅರೆ ಚೋಕ್‌ಗಿಂತ ಬಿಗಿ ಬೇಡ ಎನ್ನುವುದು ಬ್ರಿಟನ್ನಿನ ಬೇಟೆ ಸಂಘಟನೆಗಳ ಸಲಹೆ. ಬಿಗಿ ಇದ್ದರೆ ರಿಪೇರಿಯವರು ಸ್ವಲ್ಪ ಬಿಡಿಸಿಕೊಡುತ್ತಾರೆ. ಇದರಲ್ಲಿ ನಷ್ಟವೂ ಇಲ್ಲ. ಉಕ್ಕಿನ ಚರೆ ದಾರಿಯಲ್ಲಿ ಜಜ್ಜಿ ಸೊಟ್ಟಗಾಗದ ಕಾರಣ ನೇರ ಹೋಗುತ್ತದೆ. ಸೀಸಕ್ಕೆ ಪೂರ್ತಿ ಚೋಕ್ ಮಾಡುತ್ತಿದ್ದ ಕೆಲಸವನ್ನು ಉಕ್ಕಿಗೆ ಅರೆ ಚೋಕ್ ಮಾಡಿಕೊಡುತ್ತದೆ.

ಹಾಗಾದರೆ ಜನ ದೊಡ್ಡ ಚರೆಯನ್ನೇ ಏಕೆ ಹುಡುಕುತ್ತಾರೆ? ಉಕ್ಕು ಹಗುರ. ಸೀಸದ ಸಾಂದ್ರತೆ 11.3, ಕಬ್ಬಿಣದ್ದು 7.9ರ ಆಸುಪಾಸು. 3.3 ಮಿಲಿಮೀಟರಿನ ಸೀಸದ ಚರೆಯ ತೂಕವೇ ಬೇಕೆಂದರೆ ಉಕ್ಕಿನ ಚರೆ ಸುಮಾರು 3.7 ಮಿಲಿಮೀಟರು ಇರಬೇಕು. "ಉಕ್ಕಾದರೆ ಎರಡು ನಂಬರು ದಪ್ಪ ತಗೋ" ಎಂಬ ಬೇಟೆಗಾರರ ರೂಢಿಮಾತಿನ ಹಿಂದಿರುವ ಲೆಕ್ಕ ಇದೇ. ಆದರೆ ಚೋಕ್‌ನಲ್ಲಿ ಹೆಚ್ಚು ಕಾಟ ಕೊಡುವುದೂ ಆ ದಪ್ಪ ಚರೆಯೇ.

ನಳಿಗೆಯ ಒಳಮೈ ಗೀಚದಂತೆ ಉಕ್ಕಿನ ಚರೆಯನ್ನು ದಪ್ಪನೆಯ ಬಟ್ಟಲಲ್ಲಿ ತುಂಬಿರುತ್ತಾರೆ. ಬಹುಕಾಲ ಅದು ಪ್ಲಾಸ್ಟಿಕ್ಕಿನದಾಗಿತ್ತು, ಈಗ ಕರಗುವ, ಕೊಳೆಯುವ ಬಟ್ಟಲುಗಳೂ ಬಂದಿವೆ. ಬಟ್ಟಲಿಲ್ಲದೆ ಹಳೆಯ ಕ್ರಮದಲ್ಲಿ ಮನೆಯಲ್ಲೇ ಉಕ್ಕು ತುಂಬುವ ಸಾಹಸ ಯಾರೂ ಮಾಡಬಾರದು. ಬೇರಿಂಗ್ ಗುಂಡು ತುಂಬುವುದಂತೂ ಹುಚ್ಚುತನ. ಅದು ಹದಗೊಳಿಸಿದ ಕಬ್ಬಿಣವಲ್ಲ, ನಳಿಗೆಗಿಂತಲೂ ಗಟ್ಟಿಯಾದ ಉಕ್ಕು.

ಮುದ್ರೆ ಅಳಿಸಿಹೋಗಿದ್ದರೆ, ಗೋಡೆ ತೆಳುವಾಗಿದ್ದರೆ, ಚೋಕ್ ಬಿಡಿಸಲು ಮನಸ್ಸಿಲ್ಲದಿದ್ದರೆ ಬಿಸ್ಮತ್ ಎಂಬ ಲೋಹದ ಚರೆ ಇದೆ. ಸೀಸಕ್ಕಿಂತ ತುಸು ಹಗುರ, ಉಕ್ಕಿಗಿಂತ ಬಹಳ ಮೆದು, ಹಕ್ಕಿಗೆ ವಿಷವಲ್ಲ. ದುಬಾರಿ ನಿಜ. ವರ್ಷಕ್ಕೆ ನಾಲ್ಕಾರು ಸಲ ಹೊರಬರುವ ಅಜ್ಜನ ಕೋವಿಗೆ ಆ ದುಬಾರಿ ಹೆಚ್ಚಲ್ಲ ಎಂದು ನನಗನ್ನಿಸುತ್ತದೆ. ಆದರೆ ಕೋಣೆಯ ಉದ್ದ, ಒತ್ತಡದ ಲೆಕ್ಕ ಬಿಸ್ಮತ್ತಿಗೂ ತಪ್ಪಿದ್ದಲ್ಲ.

ಎಲ್ಲ ಸರಿಯಿದೆ ಎಂದು ಉಕ್ಕು ಹಾರಿಸಿದ ಮೊದಲ ದಿನ, ಮನೆಗೆ ಬಂದು ನಳಿಗೆ ಒರೆಸಿ, ಬುಡದಿಂದ ಕಣ್ಣಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ನುಣ್ಣಗೆ ಕಾಣಬೇಕು. ಬಾಯಿಯ ಹತ್ತಿರ ಎಲ್ಲಾದರೂ ಒಂದು ಕಪ್ಪು ನೆರಳಿನ ಉಂಗುರ ಕಂಡರೆ, ಹೊರಗಿನಿಂದ ಅದೇ ಜಾಗಕ್ಕೆ ಹೆಬ್ಬೆರಳು ಹಾಯಿಸಿ. ಕೂದಲೆಳೆಯಷ್ಟು ಏರು ಸಿಕ್ಕಿದರೂ ಮರುದಿನದ ತೋಟಾಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಕೋವಿಯನ್ನು ರಿಪೇರಿಯವರ ಬಳಿ ಒಯ್ಯಬೇಕು.