ಬೆಲ್ಲ ತಿಂದರೆ ಎದೆಯಲ್ಲಿ ಕೂತ ಕಲ್ಲುಧೂಳು ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಯಜಮಾನರು 11 ವರ್ಷದಿಂದ ಜಲ್ಲಿ ಕ್ರಷರ್‌ನಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಮನೆಗೆ ಬಂದ ಕೂಡಲೇ ಒಂದು ಅಚ್ಚು ಬೆಲ್ಲ ತಿನ್ನುತ್ತಾರೆ. ಬೆಲ್ಲ ಧೂಳನ್ನೆಲ್ಲಾ ಎಳೆದುಕೊಂಡು ಹೋಗುತ್ತೆ ಅಂತ ಅಲ್ಲಿ ಎಲ್ಲರೂ ಹೇಳುತ್ತಾರಂತೆ. ಇದು ನಿಜಾನಾ?
– ಒಬ್ಬ ಓದುಗರು, ಚಿಕ್ಕಬಳ್ಳಾಪುರ ತಾಲ್ಲೂಕು

ಅಕ್ಕ, ಚಿಕ್ಕಬಳ್ಳಾಪುರ, ಗುಡಿಬಂಡೆ ಕಡೆಯಿಂದ ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಮೊದಲು ಉತ್ತರ ಹೇಳಿಬಿಡುತ್ತೇನೆ. ಬೆಲ್ಲದಿಂದ ಗಂಟಲಿಗೆ ಹಿತ ಆಗುತ್ತದೆ. ಆದರೆ ಶ್ವಾಸಕೋಶದ ತಳದಲ್ಲಿ ಕೂತ ಧೂಳನ್ನು ಬೆಲ್ಲ ಹೊರಗೆ ತರುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಬೆಲ್ಲ ಬಾಯಿಗೆ ಹಾಕಿದರೆ ಜೊಲ್ಲು ಚೆನ್ನಾಗಿ ಬರುತ್ತದೆ, ಒಣಗಿದ ಗಂಟಲು ನೆನೆಯುತ್ತದೆ, ಕೆಮ್ಮು ಸ್ವಲ್ಪ ಇಳಿಯುತ್ತದೆ. ದಪ್ಪ ಧೂಳನ್ನು ಮೂಗು ಮತ್ತು ಶ್ವಾಸನಾಳದ ಲೋಳೆ ಹೇಗೂ ಹಿಡಿದುಕೊಳ್ಳುತ್ತವೆ. ಶ್ವಾಸನಾಳದ ಒಳಗೋಡೆಯ ಸಣ್ಣ ಕೂದಲೆಳೆಗಳು ಆ ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ. ಅದನ್ನೇ ನಾವು ಕಫ ಅಂತ ಉಗಿಯೋದು. ಬೆಲ್ಲ ತಿಂದ ಮೇಲೆ ಕಫದಲ್ಲಿ ಧೂಳು ಕಂಡರೆ ಬೆಲ್ಲವೇ ತಂದಿತು ಅನ್ನಿಸುವುದು ಸಹಜ, ಅಲ್ವಾ?

ತೊಂದರೆ ಕೊಡುವುದು ಕಣ್ಣಿಗೆ ಕಾಣದ ಧೂಳು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 5 ಮೈಕ್ರಾನ್‌ಗಿಂತ ಸಣ್ಣ ಚೂರುಗಳು ಲೋಳೆಗೆ ಸಿಗದೆ, ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿದುಬಿಡುತ್ತವೆ. ನಮ್ಮ ಕಡೆಯ ಗ್ರಾನೈಟ್ ಬಂಡೆಯಲ್ಲಿ ಬೆಣಚುಕಲ್ಲಿನ ಅಂಶ ಬೇಕಾದಷ್ಟಿದೆ. ಚಿಕ್ಕವರಿದ್ದಾಗ ಎರಡು ಬೆಣಚುಕಲ್ಲು ಉಜ್ಜಿ ಕಿಡಿ ಹಾರಿಸುತ್ತಿದ್ದೆವಲ್ಲ, ಅದೇ ಕಲ್ಲು. ಅದರ ಧೂಳೇ ಸಿಲಿಕಾ. ಆಗತಾನೇ ಒಡೆದ ಸಿಲಿಕಾ ಹಳೇ ಧೂಳಿಗಿಂತ ಜಾಸ್ತಿ ಕೆಟ್ಟದ್ದು ಅಂತ ಪ್ರಯೋಗಾಲಯಗಳಲ್ಲಿ ಗೊತ್ತಾಗಿದೆ. ಕ್ರಷರ್‌ನಲ್ಲಿ ಹಾರುವುದು ಆಗತಾನೇ ಒಡೆದದ್ದೇ.

ಗಾಳಿಚೀಲದಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಜೀವಕೋಶಗಳಿವೆ. ಹೊರಗಿನಿಂದ ಏನೇ ಬಂದರೂ ನುಂಗುವುದು ಅವುಗಳ ಕೆಲಸ. ಈ ನುಂಗುವ ಗುಣವನ್ನು 1882ರಲ್ಲಿ ಮೊದಲು ಗುರುತಿಸಿದವರು ವಿಜ್ಞಾನಿ ಇಲ್ಯಾ ಮೆಕ್ನಿಕಾಫ್. ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಜೀವಕೋಶಗಳು ಮುತ್ತಿಕೊಳ್ಳುವುದನ್ನು ಅವರು ನೋಡಿದರು. 1908ರಲ್ಲಿ ಅವರಿಗೆ ನೊಬೆಲ್ ಬಂತು.

ರೋಗಾಣು ಆದರೆ ಮ್ಯಾಕ್ರೋಫೇಜ್ ನುಂಗಿ ಅರಗಿಸಿಕೊಳ್ಳುತ್ತದೆ. ಕಲ್ಲನ್ನು ಹೇಗೆ ಅರಗಿಸೀತು? ಜೀವಕೋಶದ ಒಳಗೆ ಜೀರ್ಣರಸದ ಪುಟ್ಟ ಚೀಲಗಳಿರುತ್ತವೆ. ಸಿಲಿಕಾ ಚೂರು ಆ ಚೀಲವನ್ನೇ ಒಡೆಯುತ್ತದೆ. ಆಗ ಒಳಗಿನ ಕೆಲವು ಪ್ರೋಟೀನುಗಳು ಒಟ್ಟುಗೂಡಿ ಅಪಾಯದ ಗಂಟೆ ಬಾರಿಸುತ್ತವೆ. ಈ ಗುಂಪಿಗೆ ಇನ್‌ಫ್ಲಮಸೋಮ್ ಅಂತ ಹೆಸರು. ಸ್ವಿಟ್ಜರ್ಲೆಂಡಿನ ಯುರ್ಗ್ ಚೋಪ್ ಅವರ ತಂಡ 2002ರಲ್ಲಿ ಈ ಹೆಸರು ಕೊಟ್ಟಿತು. ಸಿಲಿಕಾ ಈ ಗಂಟೆಯನ್ನೇ ಬಾರಿಸುತ್ತದೆ ಅಂತ 2008ರಲ್ಲಿ ಬೇರೆ ಬೇರೆ ತಂಡಗಳು ತೋರಿಸಿದವು. ಗುಂಪಿನ ಮುಖ್ಯ ಪ್ರೋಟೀನ್ ಇಲ್ಲದ ಸುಂಡಿಲಿಗಳಲ್ಲಿ ಸಿಲಿಕಾದಿಂದ ಆಗುವ ಉರಿಯೂತ ಕಡಿಮೆ ಇತ್ತು.

ಗಂಟೆ ಕೇಳಿ ರಕ್ತದಿಂದ ಇನ್ನಷ್ಟು ಬಿಳಿ ರಕ್ತಕಣಗಳು ಬರುತ್ತವೆ. ಕಲ್ಲು ನುಂಗಿದ ಮ್ಯಾಕ್ರೋಫೇಜ್ ಸಾಯುತ್ತದೆ. ಚೂರು ಮಾತ್ರ ಹಾಗೇ ಉಳಿಯುತ್ತದೆ. ಇನ್ನೊಂದು ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ, ಅದೂ ಸಾಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದು ಮೆತ್ತಗಿದ್ದ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಂಟುಗಳು ಕಟ್ಟುತ್ತವೆ. ಇದೇ ಸಿಲಿಕೋಸಿಸ್. ಪಕ್ಕದ ಕೋಲಾರದ ಚಿನ್ನದ ಗಣಿಯಲ್ಲೂ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲೇ. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದ ಎಷ್ಟೋ ಮಂದಿ ಈ ಕಾಯಿಲೆಯನ್ನು ಎದೆಯಲ್ಲಿ ಹೊತ್ತುಕೊಂಡೇ ಮನೆಗೆ ಹೋದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈಗ ಬೆಲ್ಲದ ವಿಷಯಕ್ಕೆ ಬರೋಣ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, ಅದೂ ನಮ್ಮ ದೇಶದಲ್ಲೇ. ಲಕ್ನೋದ ವಿಜ್ಞಾನಿಗಳು ಇಲಿಗಳ ಶ್ವಾಸನಾಳಕ್ಕೆ ಕಲ್ಲಿದ್ದಲು ಅಥವಾ ಸಿಲಿಕಾ ಧೂಳು ಹಾಕಿ, ಕೆಲವಕ್ಕೆ ಬೆಲ್ಲ ಕೊಟ್ಟರು. ಒಂದು ಇಲಿಗೆ ಅರ್ಧ ಗ್ರಾಂ, ವಾರಕ್ಕೆ 5 ದಿನ, ಹೀಗೆ 90 ದಿನ. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೆಲ್ಲ ತಿಂದ ಇಲಿಗಳಲ್ಲಿ ಶ್ವಾಸಕೋಶದ ಹಾನಿ ಕಡಿಮೆ ಕಂಡಿತು. ಕಲ್ಲಿದ್ದಲಿನ ಕಣಗಳು ಶ್ವಾಸಕೋಶದಿಂದ ಪಕ್ಕದ ದುಗ್ಧಗ್ರಂಥಿಗಳಿಗೆ, ಅಂದರೆ ಕಾವಲು ಜೀವಕೋಶಗಳು ತುಂಬಿರುವ ಪುಟ್ಟ ಗ್ರಂಥಿಗಳಿಗೆ, ಜಾಸ್ತಿ ಸರಿದಿದ್ದವು.

ಇದನ್ನು ಓದಿ ಮೊದಲು ನನಗೂ ಖುಷಿಯಾಯಿತು. ಆಮೇಲೆ ಲೆಕ್ಕ ಹಾಕಿದೆ. ಇಲಿ 200 ಗ್ರಾಂ ತೂಗುತ್ತದೆ ಅಂದುಕೊಳ್ಳಿ. ತೂಕಕ್ಕೆ ತೂಕ ನೋಡಿದರೆ 60 ಕೆಜಿಯ ಮನುಷ್ಯ ದಿನಕ್ಕೆ 150 ಗ್ರಾಂ ಬೆಲ್ಲ ತಿನ್ನಬೇಕು. ಸಕ್ಕರೆ ಕಾಯಿಲೆ ಬಾಗಿಲಲ್ಲೇ ಕಾದಿರುತ್ತದೆ. ಇಲಿಯದು 90 ದಿನದ ಕತೆ, ನಿಮ್ಮ ಯಜಮಾನರದು 11 ವರ್ಷದ್ದು, ಇನ್ನೂ ಧೂಳು ಕುಡಿಯುತ್ತಲೇ ಇದ್ದಾರೆ. ಕಣ ದುಗ್ಧಗ್ರಂಥಿಗೆ ಸರಿದರೂ ದೇಹದ ಒಳಗೇ ಉಳಿಯಿತಲ್ಲ? ಮೇಲಾಗಿ ಇಲಿಯ ರೋಗನಿರೋಧಕ ಶಕ್ತಿ ನಮ್ಮದರ ತದ್ರೂಪಲ್ಲ. ಅದಕ್ಕೇ ವಿಜ್ಞಾನಿಗಳು ಮನುಷ್ಯರ ಜೀವಕೋಶಗಳನ್ನೇ ಬೆಳೆಸಿ ನೋಡುತ್ತಾರೆ. 2010ರಲ್ಲಿ ಹಾರ್ವರ್ಡ್‌ನವರು ಬೆರಳುದ್ದದ ಚಿಪ್‌ನಲ್ಲಿ ಗಾಳಿಚೀಲದ ಮಾದರಿ ಕಟ್ಟಿದರು. ಉಸಿರಾಡುವ ಹಾಗೆ ಅದನ್ನು ಹಿಗ್ಗಿಸಿ ಕುಗ್ಗಿಸಿದಾಗ ಸಿಲಿಕಾದ ಅತಿ ಸಣ್ಣ ಕಣಗಳಿಂದ ಉರಿಯೂತ ಇನ್ನೂ ಜಾಸ್ತಿಯಾಯಿತು.

ಕಟ್ಟಿದ ಗಂಟನ್ನು ಕರಗಿಸುವ ಔಷಧಿ ಇವತ್ತಿಗೂ ಇಲ್ಲ. ಅದಕ್ಕೇ ಧೂಳು ಒಳಗೆ ಹೋಗದಂತೆ ತಡೆಯುವುದೇ ಮುಖ್ಯ. ಕಲ್ಲು ಒಡೆಯುವ ಕಡೆ ನೀರು ಸಿಂಪಡಿಸಬೇಕು. ಟವೆಲ್ ಕಟ್ಟಿಕೊಂಡರೆ ಈ ಸಣ್ಣ ಧೂಳು ನಿಲ್ಲುವುದಿಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಥರದ ಮಾಸ್ಕ್ ಬೇಕು. ಇದನ್ನೆಲ್ಲಾ ಒದಗಿಸಬೇಕಾದವರು ಮಾಲೀಕರು. ಕೇಳಲು ನಿಮ್ಮ ಯಜಮಾನರು ಸಂಕೋಚ ಪಡಬೇಕಾಗಿಲ್ಲ. ಕಾನೂನಿನಲ್ಲಿ ಸಿಲಿಕೋಸಿಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ.

ಸದ್ಯ ಅವರನ್ನು ಒಂದು ಸಲ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆಯ ಎಕ್ಸ್-ರೇ ತೆಗೆಸಿ. ಡಾಕ್ಟರ್ ಕೇಳದಿದ್ದರೂ 11 ವರ್ಷ ಕ್ರಷರ್ ಕೆಲಸ ಅಂತ ನೀವೇ ಹೇಳಿ. ಕಫ ಪರೀಕ್ಷೆಯನ್ನೂ ಮಾಡಿಸಿ. ಸಿಲಿಕಾ ಸೇರಿದ ಶ್ವಾಸಕೋಶಕ್ಕೆ ಟಿಬಿ ಬೇಗ ತಗಲುತ್ತದೆ. ಬೀಡಿ ಇದ್ದರೆ ಬಿಡಿಸಿ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಸಂಜೆಯ ಬೆಲ್ಲದ ಚೂರು ಇರಲಿ, ಬಾಯಿಗಾದರೂ ರುಚಿ. ಮತ್ತೆ ಅಕ್ಕ, ಅವರ ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ. ಬಿಚ್ಚಿದ ಕೂಡಲೇ ಹೊರಗೆ ಬಕೆಟ್ ನೀರಿನಲ್ಲಿ ಅದ್ದಿಬಿಡಿ. ಮನೆಯಲ್ಲಿ ನೀವೂ ಮಕ್ಕಳೂ ಉಸಿರಾಡುವುದು ಅದೇ ಗಾಳಿಯನ್ನು.