ಫೌಂಡ್ರಿಯ ಧೂಳನ್ನು ತೂಗುವವರು ಬೇಕು

37 ಮಿಲಿಮೀಟರ್ ಅಗಲದ ಬಿಳಿ ಪಿವಿಸಿ ಫಿಲ್ಟರ್. ಅದನ್ನು ಪುಟ್ಟ ಡಬ್ಬಿಯಲ್ಲಿ ಕೂರಿಸಿ, ಅದರ ಬಾಯಿಗೆ ಸೈಕ್ಲೋನ್ ಎಂಬ ಸಣ್ಣ ಕೊಳವೆ ಜೋಡಿಸಿ, ಫೌಂಡ್ರಿ, ಅಂದರೆ ಲೋಹ ಎರಕ ಹೊಯ್ಯುವ ಕಾರ್ಖಾನೆಯ ಕೆಲಸಗಾರನ ಅಂಗಿಯ ಕಾಲರಿಗೆ ಸಿಕ್ಕಿಸುತ್ತಾರೆ. ಮೂಗಿನಿಂದ 30 ಸೆಂಟಿಮೀಟರ್ ಒಳಗೇ ಇರಬೇಕು. ಸೊಂಟಕ್ಕೆ ಕಟ್ಟಿದ ಪಂಪು ನಿಮಿಷಕ್ಕೆ 1.7 ಲೀಟರ್ ಗಾಳಿ ಎಳೆಯುತ್ತದೆ. ದಪ್ಪ ಕಣ ಸೈಕ್ಲೋನಿನ ತಳಕ್ಕೆ ಬೀಳುತ್ತದೆ, ಶ್ವಾಸಕೋಶದ ತುದಿಯವರೆಗೂ ಇಳಿಯಬಲ್ಲ ನವಿರು ಕಣ ಮಾತ್ರ ಫಿಲ್ಟರಿಗೆ ಅಂಟುತ್ತದೆ.

ಎಂಟು ತಾಸಿಗೆ 816 ಲೀಟರ್ ಗಾಳಿ. ಫಿಲ್ಟರಿನ ತೂಕ 0.9 ಮಿಲಿಗ್ರಾಂ ಹೆಚ್ಚಿದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ 1.1 ಮಿಲಿಗ್ರಾಂ ಧೂಳಿದೆ ಎಂದಾಯಿತು. ಇದು ಹೆಚ್ಚೋ ಕಡಿಮೆಯೋ? ಮಿತಿ ಎಷ್ಟೆಂದು ತಿಳಿಯಲು 1948ರ ಕಾರ್ಖಾನೆ ಕಾಯ್ದೆ ಕೊಟ್ಟ ಸೂತ್ರವಿದೆ: ಧೂಳಿನಲ್ಲಿರುವ ಕ್ವಾರ್ಟ್ಜ್‌ನ (ಮರಳಿನಲ್ಲಿರುವ ಸಿಲಿಕಾ ಖನಿಜದ) ಶೇಕಡಾ ಪ್ರಮಾಣಕ್ಕೆ 2 ಕೂಡಿಸಿ, ಬಂದ ಸಂಖ್ಯೆಯಿಂದ 10ನ್ನು ಭಾಗಿಸಬೇಕು. ಕ್ವಾರ್ಟ್ಜ್ ಶೇ. 18 ಇದ್ದರೆ ಮಿತಿ 0.5 ಮಿಲಿಗ್ರಾಂ. ಅಂದರೆ ಈ ಕೆಲಸಗಾರ ಮಿತಿಯ ಎರಡು ಪಟ್ಟಿಗೂ ಹೆಚ್ಚು ಧೂಳು ಉಸಿರಾಡುತ್ತಿದ್ದಾನೆ.

ಲೆಕ್ಕ ಸುಲಭ, ಅಳತೆ ಕಷ್ಟ. ಪಂಪಿನ ಹರಿವನ್ನು ಪಾಳಿಗೆ ಮುಂಚೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ ನೋಡಬೇಕು. ಎರಡರ ನಡುವೆ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಮಾದರಿಯನ್ನು ಬಿಸಾಡುವುದೇ ಲೇಸು. ಕೆಲಸಗಾರ ಪಂಪು ಬಿಚ್ಚಿಡುವಾಗ ಸೈಕ್ಲೋನ್ ತಲೆಕೆಳಗಾದರೆ ತಳದ ದಪ್ಪ ಧೂಳೆಲ್ಲ ಫಿಲ್ಟರಿಗೆ ಸುರಿದು, ಅಂಕಿ ಸುಳ್ಳೇ ಏರುತ್ತದೆ. ಖಾಲಿ ಫಿಲ್ಟರನ್ನೂ ಧೂಳು ತುಂಬಿದ ಫಿಲ್ಟರನ್ನೂ ಒಂದೇ ತೇವಾಂಶದ ಕೋಣೆಯಲ್ಲಿ ತೂಗದಿದ್ದರೆ ತೂಕವೇ ಕೈಕೊಡುತ್ತದೆ. ಇವೆಲ್ಲ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಹತ್ತಾರು ಸಲ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿಯಬೇಕಾದದ್ದು.

ಹೀಗೆ ಕಲಿತವರು ಎಲ್ಲಿ ತಯಾರಾಗುತ್ತಾರೆ? ಕೇಂದ್ರ ಕಾರ್ಮಿಕ ಇಲಾಖೆಯ ಬೋಧನಾ ಸಂಸ್ಥೆಗಳಲ್ಲಿ ನಮ್ಮ ಹುಬ್ಬಳ್ಳಿಯವರಿಗೆ ಸಿಗುವುದು ಮುಂಬೈ, ಇಲ್ಲವೇ ಚೆನ್ನೈ. ಅಲ್ಲಿ ಕೈಗಾರಿಕಾ ಸುರಕ್ಷತೆಯ ಒಂದು ವರ್ಷದ ಡಿಪ್ಲೊಮಾ ಇದೆ, ಎಂಬಿಬಿಎಸ್ ವೈದ್ಯರಿಗೆ ಕೈಗಾರಿಕಾ ಆರೋಗ್ಯದ ಮೂರು ತಿಂಗಳ ಕೋರ್ಸ್ ಇದೆ. ಸುರಕ್ಷತಾ ಅಧಿಕಾರಿಯನ್ನು ನೇಮಿಸಿಕೊಳ್ಳಲೇಬೇಕೆಂಬ ನಿಯಮ ಹಳೆಯ ಕಾಯ್ದೆಯಲ್ಲಿ 1,000 ಕೆಲಸಗಾರರಿರುವ ಕಾರ್ಖಾನೆಗೆ ಇತ್ತು, 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಅದನ್ನು 500ಕ್ಕೆ ಇಳಿಸಿತು. ಮೂವತ್ತು ಜನ ದುಡಿಯುವ ಫೌಂಡ್ರಿ ಶೆಡ್ಡು, ಹತ್ತಿಯಿಂದ ಬೀಜ ಬೇರ್ಪಡಿಸುವ ಗದಗಿನ ಜಿನ್ನಿಂಗ್ ಮಿಲ್ಲು ಎರಡೂ ಆ ಲೆಕ್ಕಕ್ಕೆ ಸಿಗುವುದಿಲ್ಲ.

ವೈದ್ಯರ ತರಬೇತಿಯೂ ಅಷ್ಟೇ ಮುಖ್ಯ. ಕ್ವಾರ್ಟ್ಜ್ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಬಂದವರ ಎಕ್ಸ್-ರೇ ಕ್ಷಯದಂತೆಯೇ ಕಾಣಬಹುದು. ಕ್ಷಯದ ಮಾತ್ರೆ ನುಂಗಿಯೂ ದಮ್ಮು ಇಳಿಯದ ರೋಗಿಯನ್ನು "ಎಷ್ಟು ವರ್ಷದಿಂದ ಏನು ಕೆಲಸ ಮಾಡೀರಿ?" ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕಂತೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್‌ನಲ್ಲಿ ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಹೆಚ್ಚು ಬಿಗಿಯುತ್ತದೆ. ರಜೆ ಯಾವ ದಿನ ಎಂದು ಕೇಳದ ವೈದ್ಯರಿಗೆ ಅದು ಬರೀ ಕೆಮ್ಮು. ಎರಡೂ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಕಾಯಿಲೆಗಳು.

ಅಮೆರಿಕ ಇದಕ್ಕೆ ನೇರವಾಗಿ ಹಣ ಕಟ್ಟಿತು. ಕೆಲಸದ ಸ್ಥಳದ ಸುರಕ್ಷತೆಗೆ 1970ರಲ್ಲಿ ಮಾಡಿದ ಕಾನೂನಿನಲ್ಲೇ, ಬೇಕಾದಷ್ಟು ತಜ್ಞರನ್ನು ತಯಾರಿಸುವ ಹೊಣೆಯನ್ನೂ ಬರೆಯಿತು. 1977ರಿಂದ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರಗಳು ಶುರುವಾದವು. ಧೂಳು-ಸದ್ದು ಅಳೆಯುವವರು, ವೈದ್ಯರು, ನರ್ಸ್‌ಗಳು, ಸುರಕ್ಷತಾ ಎಂಜಿನಿಯರುಗಳು ಜೊತೆಜೊತೆಗೆ ಕಲಿಯಲಿ ಎಂಬುದು ಅದರ ತಿರುಳು. ವಿದ್ಯಾರ್ಥಿಯ ಫೀ, ತಿಂಗಳ ವೇತನ, ಓಡಾಟದ ಖರ್ಚು ಆ ಅನುದಾನದಿಂದಲೇ ಬರುತ್ತದೆ.

ನಮ್ಮಲ್ಲಿ ಬಿಡಿಭಾಗಗಳು ಇವೆ, ಜೋಡಣೆ ಇಲ್ಲ. ಧಾರವಾಡದಲ್ಲಿ ಐಐಟಿ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ವಿದ್ಯಾಲಯಗಳು, ಹುಬ್ಬಳ್ಳಿ-ಗದಗ-ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿವೆ. ಇವನ್ನು ಜೋಡಿಸಿ ಧೂಳು ಅಳೆಯುವವರನ್ನು ತಯಾರಿಸುವ ಒಂದು ಕೋರ್ಸಿಗೆ ಹಣ ಕೊಡುವವರು ಕಟ್ಟಡದಿಂದ ಶುರುಮಾಡಬಾರದು. ಮೊದಲು ವಿದ್ಯಾರ್ಥಿ ವೇತನ, ಇಲ್ಲದಿದ್ದರೆ ಬಡವರ ಮಕ್ಕಳು ಪಗಾರ ಬಿಟ್ಟು ಬರಲಾರರು. ಆಮೇಲೆ ಇಬ್ಬರು ಪೂರ್ಣಾವಧಿ ಅಧ್ಯಾಪಕರು, ಪಂಪುಗಳು, 0.001 ಮಿಲಿಗ್ರಾಂ ತೋರಿಸುವ ತಕ್ಕಡಿ, ಅದರ ವರ್ಷಾವರಿ ತಪಾಸಣೆ. ಈ ಕೊನೆಯದನ್ನು ಬಜೆಟ್ಟಿನಲ್ಲಿ ಬಿಟ್ಟರೆ ತಕ್ಕಡಿ ಎರಡನೇ ವರ್ಷಕ್ಕೇ ಬೀರು ಸೇರುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಒಂದು ದಾರಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಇದಕ್ಕೆ ತೆಗೆದಿಡಬೇಕು. ತಮ್ಮದೇ ನೌಕರರಿಗೆ ಕೊಟ್ಟ ತರಬೇತಿ ಇದರಲ್ಲಿ ಸೇರದು, ವಿಶ್ವವಿದ್ಯಾಲಯದ ಸೀಟುಗಳಿಗೆ ಕೊಟ್ಟರೆ ಶಿಕ್ಷಣದ ಲೆಕ್ಕಕ್ಕೆ ಸೇರುತ್ತದೆ. ಎರಡು ವರ್ಷದ ಕೋರ್ಸಾದರೆ ಅದನ್ನು ಆರಂಭದಲ್ಲೇ 'ಮುಂದುವರಿಯುವ ಯೋಜನೆ' ಎಂದು ದಾಖಲಿಸಬೇಕು. ಆಗ ಶುರುವಾದ ವರ್ಷವಲ್ಲದೆ ಇನ್ನೂ ಮೂರು ವರ್ಷ ಹಣ ಹರಿಸಬಹುದು.

ಹೀಗೆ ದಾಖಲಿಸದಿದ್ದರೆ ಎಲ್ಲವನ್ನೂ ಮಾರ್ಚ್ 31ರೊಳಗೆ ಮುಗಿಸುವ ಧಾವಂತ. ಜಿನ್ನಿಂಗ್ ಮಿಲ್ಲುಗಳು ಭರದಿಂದ ಓಡುವುದು ಚಳಿಗಾಲದಲ್ಲಿ. ಪಂಪು ಕೊಳ್ಳುವ ಹಣ ಮಾರ್ಚ್ ಕೊನೆಗೆ ಕೈಸೇರಿದರೆ, ವಿದ್ಯಾರ್ಥಿಗಳು ಮಿಲ್ಲಿಗೆ ಹೋಗುವ ಹೊತ್ತಿಗೆ ಯಂತ್ರಗಳು ನಿಂತಿರುತ್ತವೆ, ಅಳೆಯಲು ಧೂಳೇ ಇರುವುದಿಲ್ಲ. ಮೊದಲ ಕಂತು ಆಗಸ್ಟ್ ಹೊತ್ತಿಗೆ ಬರಬೇಕು.