ಕಾದಿಸ್ ನೋಡೋಕೆ ಒಂದು ದಿನ ಸಾಕಾ?

ಪ್ರಶ್ನೆ: ಸ್ಪೇನ್ ಪ್ರವಾಸದಲ್ಲಿ ಮೂರು ದಿನ ಸೆವಿಲ್ಯಾದಲ್ಲಿ ಇರುತ್ತೇವೆ. ಬೆಳಿಗ್ಗೆ ಹೊರಟು ಕಾದಿಸ್ ನೋಡಿಕೊಂಡು ರಾತ್ರಿ ವಾಪಸ್ ಬರಬಹುದಾ?

ಚಳಿಗಾಲದಲ್ಲಿ ಹೋಗುವುದಾದರೆ ಒಂದು ದಿನ ಸಾಕು. ಬೇಸಿಗೆಯಲ್ಲಾದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಕಾರಣ ಸೂರ್ಯಾಸ್ತ. ಅದನ್ನು ಆಮೇಲೆ ಹೇಳುತ್ತೇನೆ.

ರೈಲಿನಲ್ಲಿ ಸುಮಾರು ಒಂದೂಮುಕ್ಕಾಲು ಗಂಟೆ ದಾರಿ. ಸ್ಟೇಷನ್ ಹಳೇ ಊರಿನ ಅಂಚಿನಲ್ಲೇ ಇದೆ, ಟ್ಯಾಕ್ಸಿ ಬೇಕಿಲ್ಲ. ಸುತ್ತ ಸಮುದ್ರ, ಒಂದು ಕಡೆ ಮಾತ್ರ ನೆಲದ ಕಿರಿದಾದ ಪಟ್ಟಿ. ಹಾಗಾಗಿ ಊರು ಚಿಕ್ಕದು, ನಡೆದೇ ಮುಗಿಸಬಹುದು.

ಮೊದಲು ತವೀರಾ ಗೋಪುರ ಹತ್ತಿ. ಮೇಲೆ ಒಂದು ಕತ್ತಲೆ ಕೋಣೆ ಇದೆ. ಕನ್ನಡಿ ಮತ್ತು ಮಸೂರದ ಮೂಲಕ ಇಡೀ ಊರು ಒಂದು ಬಿಳಿ ತಟ್ಟೆಯ ಮೇಲೆ ಬಂದು ಬೀಳುತ್ತದೆ. ಅದು ಫೋಟೋ ಅಲ್ಲ, ಆ ಕ್ಷಣದ ಊರು. ಮಹಡಿಯ ಮೇಲೆ ಒಣಹಾಕಿದ ಬಟ್ಟೆ ಗಾಳಿಗೆ ಹಾರುವುದೂ ಕಾಣುತ್ತದೆ. ಸುತ್ತಲಿನ ಮನೆಗಳ ಮೇಲೂ ಎಷ್ಟೊಂದು ಗೋಪುರಗಳು! 1717ರಲ್ಲಿ ಅಮೆರಿಕ ಖಂಡದ ಜೊತೆಗಿನ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಕಚೇರಿ ಸೆವಿಲ್ಯಾದಿಂದ ಇಲ್ಲಿಗೆ ಬಂತು. ವ್ಯಾಪಾರಿಗಳು ತಮ್ಮ ಹಡಗು ಬಂತಾ ಅಂತ ಮನೆಯಿಂದಲೇ ನೋಡಲು ಇವನ್ನು ಕಟ್ಟಿಸಿಕೊಂಡರು.

ಆಮೇಲೆ ಮ್ಯೂಸಿಯಂ. ಸೋಮವಾರ ಬಾಗಿಲು ಹಾಕಿರುತ್ತದೆ, ನೆನಪಿರಲಿ. ಸುಮಾರು 3,000 ವರ್ಷ ಹಿಂದೆ ಈ ಊರು ಕಟ್ಟಿದವರು ಈಗಿನ ಲೆಬನಾನ್ ಕಡೆಯಿಂದ ಹಡಗಿನಲ್ಲಿ ಬಂದ ಫಿನೀಷಿಯನ್ ವ್ಯಾಪಾರಿಗಳು. ಅವರ ಕಾಲದ ಎರಡು ಅಮೃತಶಿಲೆಯ ಶವಪೆಟ್ಟಿಗೆಗಳು ಇಲ್ಲಿವೆ, ಮನುಷ್ಯರ ಆಕಾರದಲ್ಲೇ ಕೆತ್ತಿದವು. ಗಂಡಸಿನದು 1887ರಲ್ಲಿ ಸಿಕ್ಕಿತು. ಇದಕ್ಕೆ ಜೋಡಿಯಾಗಿ ಹೆಂಗಸಿನದೂ ಇರಲೇಬೇಕು ಅಂತ ಮ್ಯೂಸಿಯಂ ನಿರ್ದೇಶಕ ಪೆಲಾಯೋ ಕಿಂತೆರೋ ವರ್ಷಗಟ್ಟಲೆ ಹುಡುಕಿದರು. ಸಿಗಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1980ರಲ್ಲಿ, ಅದು ಸಿಕ್ಕಿತು. ಎಲ್ಲಿ ಗೊತ್ತಾ? ಅವರು ವಾಸವಿದ್ದ ಮನೆಯ ಜಾಗದಲ್ಲೇ. ಆ ಎರಡೂ ಮುಖಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಕೆಥೆಡ್ರಲ್‌ನ ಹಳದಿ ಗುಮ್ಮಟ ಹೊರಗಿನಿಂದ ನೋಡಿದರೂ ನಡೆಯುತ್ತೆ. ಅದಕ್ಕಿಂತ ಹಳೇ ಗೋಡೆಗಳನ್ನು ಹತ್ತಿರ ಹೋಗಿ ನೋಡಿ. ಕಲ್ಲಿನೊಳಗೆ ಕಪ್ಪೆಚಿಪ್ಪಿನ ಚೂರುಗಳು ಕಾಣುತ್ತವೆ, ಸಮುದ್ರದಿಂದಲೇ ಆದ ಕಲ್ಲು ಅದು. ಬೀದಿಯ ಮೂಲೆಗಳಲ್ಲಿ ಹಳೇ ಫಿರಂಗಿಗಳನ್ನು ನೆಟ್ಟಗೆ ಹೂತಿದ್ದಾರೆ. ಗಾಡಿ ಚಕ್ರ ಗೋಡೆಗೆ ಉಜ್ಜದಿರಲಿ ಅಂತ.

ಮಧ್ಯಾಹ್ನ ಎಷ್ಟೋ ಅಂಗಡಿ ಮುಚ್ಚಿರುತ್ತವೆ, ಊಟಕ್ಕೆ ಅದೇ ಸರಿಯಾದ ಹೊತ್ತು. ಮಾಂಸಾಹಾರಿಗಳಾದರೆ ತೊರ್ತಿಯೀತಾಸ್ ದೆ ಕಮರೋನೆಸ್ ಕೇಳಿ. ಕಡಲೆ ಹಿಟ್ಟು ಬೆರೆಸಿದ ತೆಳು ಹಿಟ್ಟಿನಲ್ಲಿ ಪುಟ್ಟ ಸಿಗಡಿಗಳನ್ನು ಸಿಪ್ಪೆ ಸಮೇತ ಹಾಕಿ, ಗರಿಗರಿಯಾಗಿ ಕರಿಯುತ್ತಾರೆ. ತಣ್ಣಗಾಗೋಕೆ ಬಿಡಬೇಡಿ.

ಇನ್ನು ಸೂರ್ಯಾಸ್ತ. ಪಶ್ಚಿಮಕ್ಕೆ ಲಾ ಕಲೇತಾ ಅಂತ ಪುಟ್ಟ ಬೀಚ್ ಇದೆ, ಎರಡು ಕೋಟೆಗಳ ನಡುವೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ರೈಲು ಹಿಡಿಯುವ ಆತುರದಲ್ಲಿ ಇದನ್ನು ಕಳೆದುಕೊಳ್ಳಬೇಡಿ. ಡಿಸೆಂಬರ್‌ನಲ್ಲಾದರೆ ಆರೂಕಾಲರ ಹೊತ್ತಿಗೇ ಮುಳುಗುತ್ತದೆ, ನಿಧಾನವಾಗಿ ನೋಡಿಕೊಂಡೇ ಸ್ಟೇಷನ್ನಿಗೆ ನಡೆಯಬಹುದು.